ಕ್ಯಾಂಪ್ಕೊದಲ್ಲಿ ಇವತ್ತು ಎಷ್ಟು?

ವಿಟ್ಲ–ಪುತ್ತೂರು ಮಧ್ಯೆ ಪಿಕಪ್ ಓಡಿಸುವುದು ನನ್ನ ಕೆಲಸ. ಕೋಳಿ ಗೊಬ್ಬರ, ಕೆಂಪುಕಲ್ಲು, ಮದುವೆ ಮನೆಯ ಕುರ್ಚಿ, ಬಾಡಿಗೆ ಸಿಕ್ಕಿದರೆ ಏನನ್ನೂ ಹೊರುತ್ತೇನೆ. ಆದರೆ ವರ್ಷದ ಅರ್ಧದಷ್ಟು ದಿನ ಗಾಡಿಯಲ್ಲಿರುವುದು ಅಡಿಕೆ ಗೋಣಿಯೇ. ಈ ಗೋಣಿಗಳ ವಿಷಯದಲ್ಲಿ ಒಂದು ತಮಾಷೆ ಉಂಟು. ನನ್ನ ಗಾಡಿ ಹತ್ತುವ ಅಡಿಕೆಯಲ್ಲಿ ಜಾಸ್ತಿ ಪಾಲು ಹೋಗುವುದು ಖಾಸಗಿ ಅಂಗಡಿಗೆ. ಆದರೂ ಗೋಣಿಯ ಬಾಯಿ ಹೊಲಿಯುವ ಮೊದಲು ಎಲ್ಲರೂ ಕೇಳುವುದು ಒಂದೇ ಮಾತು: "ಕ್ಯಾಂಪ್ಕೊದಲ್ಲಿ ಇವತ್ತು ಎಷ್ಟು ಮಾರಾಯ?" ಕ್ಯಾಂಪ್ಕೊ ಅಂದರೆ ಅಡಿಕೆ ಕೊಳ್ಳುವ, ಬೆಳೆಗಾರರದ್ದೇ ಸಹಕಾರಿ ಸಂಘ.

ಅಲ್ಲಿಗೆ ಕೊಡುವ ಮನಸ್ಸಿಲ್ಲ, ಅಲ್ಲಿನ ದರ ಮಾತ್ರ ಬೇಕು. ಮೊದಮೊದಲು ನನಗೆ ಇದು ನಗು ಬರಿಸುತ್ತಿತ್ತು. ಈಗ ಅದರಲ್ಲೇ ಇಡೀ ವಿಷಯ ಅಡಗಿದೆ ಅನಿಸುತ್ತದೆ.

ಅಂಗಡಿಗೆ ಹೋದ ಕೂಡಲೇ ಏನಾಗುತ್ತದೆ ಹೇಳುತ್ತೇನೆ. ಅಂಗಡಿಯವರು ಗೋಣಿಯಿಂದ ಎರಡು ಮುಷ್ಟಿ ಅಡಿಕೆ ತೆಗೆದು ನೋಡುತ್ತಾರೆ, ಒಂದನ್ನು ಕತ್ತರಿಸುತ್ತಾರೆ. ಆಮೇಲೆ "ಕ್ಯಾಂಪ್ಕೊಗಿಂತ ಐದು ರೂಪಾಯಿ ಜಾಸ್ತಿ ಹಾಕ್ತೇನೆ, ಇಳಿಸಿ" ಅನ್ನುತ್ತಾರೆ. ನಗದು ಕೈಗೆ ಕೊಡುತ್ತಾರೆ. ಬೆಳೆಗಾರ ಖುಷಿಯಲ್ಲಿ ಮನೆಗೆ ಹೋಗುತ್ತಾನೆ, ಸಹಕಾರಿ ಸಂಘಕ್ಕಿಂತ ಖಾಸಗಿಯವರೇ ವಾಸಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಹೇಳುತ್ತಾನೆ. ಆದರೆ ಆ ಐದು ರೂಪಾಯಿ ಯಾವುದರ ಮೇಲೆ ಜಾಸ್ತಿ? ಬೆಳಿಗ್ಗೆ ಸಂಘದವರು ಬೋರ್ಡಿನಲ್ಲಿ ಬರೆದ ದರದ ಮೇಲೆ. ಆ ಬೋರ್ಡ್ ಇಲ್ಲದಿದ್ದರೆ ಅಂಗಡಿಯವರು ಯಾವ ದರ ಹೇಳುತ್ತಿದ್ದರು? ಅವರು ಕೆಟ್ಟವರು ಅಂತ ಅಲ್ಲ. ವ್ಯಾಪಾರ ಮಾಡುವವರು ಕಡಿಮೆಗೆ ಕೊಳ್ಳಲು ನೋಡುತ್ತಾರೆ, ಅದು ಅವರ ಕಸುಬು.

ಹಾಗಾಗಿ ಸಂಘ ಎಷ್ಟು ಅಡಿಕೆ ಕೊಂಡಿತು ಎಂಬ ಲೆಕ್ಕದಿಂದ ಮಾತ್ರ ಅದರ ಉಪಯೋಗ ಗೊತ್ತಾಗುವುದಿಲ್ಲ. ಸಂಘಕ್ಕೆ ಒಂದು ಕಾಳೂ ಕೊಡದವನಿಗೂ ಅದರ ಲಾಭ ಸಿಗುತ್ತದೆ. ಸಂಘದ ಕಷ್ಟ ಇರುವುದೂ ಇಲ್ಲೇ. ದರ ಏರುವಾಗ ಸದಸ್ಯರು ಐದು ರೂಪಾಯಿಗೆ ಖಾಸಗಿಯವರ ಕಡೆ ಓಡುತ್ತಾರೆ. ದರ ಇಳಿಯುವಾಗ ಖಾಸಗಿಯವರು ಶಟರ್ ಅರ್ಧ ಎಳೆದು "ಈಗ ಬೇಡ, ಮುಂದಿನ ವಾರ ನೋಡುವ" ಅನ್ನುತ್ತಾರೆ. ಆಗ ಎಲ್ಲರಿಗೂ ಸಂಘದ ನೆನಪು. ಗೋಡೌನಿನ ಎದುರು ಗಾಡಿಗಳ ಸಾಲು. ನಾನೂ ಆ ಸಾಲಿನಲ್ಲಿ ಇಂಜಿನ್ ಆಫ್ ಮಾಡಿ ಕೂತಿರುತ್ತೇನೆ, ನನಗೆ ವೈಟಿಂಗ್ ಚಾರ್ಜ್ ಯಾರೂ ಕೊಡುವುದಿಲ್ಲ ಅದು ಬೇರೆ ಮಾತು.

ಬೋರ್ಡ್ ಇಲ್ಲದ ಕಾಲವನ್ನು ನಾನು ನೋಡಿಲ್ಲ. ಅಪ್ಪ ನೋಡಿದ್ದಾರೆ. 1970ರ ಆಚೀಚೆ ಅಡಿಕೆ ದರ ಪಾತಾಳಕ್ಕೆ ಇಳಿದಿತ್ತು. ಅಂಗಡಿಯವರು ಹೇಳಿದ್ದೇ ದರ, ಕೆಲವೊಮ್ಮೆ ದರ ಹೇಳುವವರೂ ಇಲ್ಲ. ಆಗ ನಮ್ಮ ಪಕ್ಕದ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಬೆಳೆಗಾರರನ್ನು ಒಟ್ಟು ಸೇರಿಸಿದರು. 1973ರ ಜುಲೈ 11ಕ್ಕೆ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾಯಿತು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರಿಗೆ ಸೇರಿದ ಸಂಘ. ಅದು ಸರಿಯೇ. ಕಾಸರಗೋಡಿನ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ರಾಜ್ಯದ ಗಡಿ ಬಂದಿರಬಹುದು, ಅಡಿಕೆಗೆ ಅದು ಗೊತ್ತಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಸಿ ನೋಡಬೇಕು. ಸಹಕಾರಿ ಸಂಘಗಳ ಬಗ್ಗೆ ಭಾಷಣ ಮಾಡುವವರು ಇದನ್ನು ಬಿಟ್ಟೇ ಬಿಡುತ್ತಾರೆ. ನನ್ನ ಅಜ್ಜ ಚಾಲಗೇಣಿ ಒಕ್ಕಲು. ಗದ್ದೆ ಅವರದಲ್ಲ, ವರ್ಷ ವರ್ಷ ಮುಡಿ ಅಕ್ಕಿ ಅಳೆದು ಧನಿಗಳ ಮನೆಗೆ ಮುಟ್ಟಿಸಬೇಕಿತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವ ಜಾಗ ತನ್ನ ಹೆಸರಿಗೆ ಆಗಲಿ ಅಂತ ಅಜ್ಜ ಫಾರಂ 7, ಅಂದರೆ ಒಕ್ಕಲಿನವರ ಅರ್ಜಿ ಹಾಕಿದರು. ನಮ್ಮಲ್ಲಿ ಈಗಲೂ ಆ ಜಾಗಗಳಿಗೆ "ಡಿಕ್ಲರೇಶನ್ ಆದದ್ದು" ಅನ್ನುತ್ತಾರೆ. ಹಾಗೆ ಬಂದದ್ದು 1 ಎಕರೆ 20 ಸೆಂಟ್ಸ್. ಗೇಣಿ ನಿಂತಿತು, ಗದ್ದೆಯ ಒಂದೊಂದೇ ಮೂಲೆಯಲ್ಲಿ ಅಡಿಕೆ ಸಸಿ ಬಂತು.

ಜಾಗ ಸಿಗುವುದು ಒಂದು ಕಡೆ. ಬೆಳೆದದ್ದನ್ನು ಕೊಳ್ಳುವವರು ಯಾರು? ಹಳೆಯ ಧನಿಗಳಿಗೆ ಅಂಗಡಿಯವರ ಪರಿಚಯ ಇತ್ತು, ಅವರ ಗೋಣಿಗೆ ಒಂದು ಮರ್ಯಾದೆ ಇತ್ತು. ಮೊನ್ನೆ ಮೊನ್ನೆ ತನಕ ಒಕ್ಕಲಾಗಿದ್ದವನು ತಲೆಯ ಮೇಲೆ ಅರ್ಧ ಗೋಣಿ ಹೊತ್ತುಕೊಂಡು ಹೋದರೆ ಯಾರು ಸರಿಯಾದ ದರ ಹೇಳುತ್ತಾರೆ? ಭೂಮಿಯ ಕಾನೂನು ಮತ್ತು ಕೊಳ್ಳುವ ಸಂಘ ಒಂದೇ ಕಾಲಕ್ಕೆ ಬಂದದ್ದರಿಂದ ನಮ್ಮಂಥ ಎಷ್ಟೋ ಮನೆಗಳು ಎದ್ದು ನಿಂತವು. ಒಂದು ಬಂದು ಇನ್ನೊಂದು ಬಾರದಿದ್ದರೆ ಅಜ್ಜನ 1 ಎಕರೆ 20 ಸೆಂಟ್ಸ್ ಯಾವತ್ತೋ ಮಾರಾಟವಾಗಿರುತ್ತಿತ್ತು. ಇದು ನನ್ನ ಲೆಕ್ಕ, ಪುಸ್ತಕದ್ದಲ್ಲ.

ಕೊಕ್ಕೊ ಕಥೆ ಇನ್ನೂ ಚೆನ್ನಾಗಿದೆ. ಎಪ್ಪತ್ತರ ದಶಕದಲ್ಲಿ ಒಂದು ದೊಡ್ಡ ಚಾಕಲೇಟ್ ಕಂಪನಿ ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿ, ನಾವು ಕೊಳ್ಳುತ್ತೇವೆ ಅಂತ ಪ್ರಚಾರ ಮಾಡಿತು. ಜನ ಹಾಕಿದರು. ಅಪ್ಪನೂ ಹಾಕಿದರು. 1979-80ರ ಹೊತ್ತಿಗೆ ಹೊರದೇಶದಲ್ಲಿ ದರ ಬಿತ್ತು, ಕಂಪನಿ ಖರೀದಿಯಿಂದ ಹಿಂದೆ ಸರಿಯಿತು. ಮರದಲ್ಲಿ ಕೋಡು ಹಣ್ಣಾಗಿ ನಿಂತಿದೆ, ಕೇಳುವವರು ದಿಕ್ಕಿಲ್ಲ. ಅಳಿಲಿಗೆ ಮಾತ್ರ ಹಬ್ಬ. ಬಹಳ ಮಂದಿ ಮರ ಕಡಿದು ಹಾಕಿದರು. ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೆ ಇಳಿಯಿತು. ಎರಡೂ ರಾಜ್ಯದ ಸರ್ಕಾರಗಳು ಕೇಳಿಕೊಂಡಿದ್ದವು. ಕೊಂಡ ಬೀಜವನ್ನು ಏನು ಮಾಡುವುದು? ಹಾಗೆ ಪುತ್ತೂರಿನಲ್ಲಿ 1986ರಲ್ಲಿ ಚಾಕಲೇಟ್ ಕಾರ್ಖಾನೆ ಆಯಿತು. ಹೆಸರಿನಲ್ಲೇ ಅಡಿಕೆ ಜೊತೆ ಕೊಕ್ಕೊ ಇರುವ ಸಂಘ ಇದು. ಅಪ್ಪ ಕಡಿಯದೆ ಉಳಿಸಿದ ಮರಗಳಿಂದ ನನ್ನ ಶಾಲೆಯ ಫೀಸು ಬಂತು.

2024ರಲ್ಲಿ ಕೊಕ್ಕೊಗೆ ಹುಚ್ಚು ಹಿಡಿಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು. ನಮ್ಮಲ್ಲಿ ಹಸಿ ಬೀಜಕ್ಕೆ ಕಂಡು ಕೇಳರಿಯದ ದರ. ಕೊಕ್ಕೊ ಕಡಿದವರ ಮಕ್ಕಳು ನರ್ಸರಿಯಿಂದ ಸಸಿ ತರಲು ನನ್ನ ಗಾಡಿಯನ್ನೇ ಕರೆದರು. ಆ ದರ ಆಮೇಲೆ ಇಳಿಯಿತು, ಇಳಿಯಲೇಬೇಕಿತ್ತು. ಆದರೆ ಕೊಳ್ಳುವ ಬಾಗಿಲು ಮುಚ್ಚಲಿಲ್ಲ.

ಇಷ್ಟು ಹೊಗಳಿದ ಮೇಲೆ, ನನಗೆ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ಸಂಘ ಅಂದರೆ ಎಲ್ಲರೂ ದರದ ಮಾತೇ ಆಡುತ್ತಾರೆ. ಕಿಲೋಗೆ ಹತ್ತು ಜಾಸ್ತಿಯಾ, ಐದು ಕಡಿಮೆಯಾ. ನನ್ನ ಪ್ರಕಾರ ಬಡ ಬೆಳೆಗಾರನ ಹಣೆಬರಹ ಇರುವುದು ಅವನಿಗೆ ಎಷ್ಟು ತಿಂಗಳು ಕಾಯಲು ಆಗುತ್ತದೆ ಎಂಬುದರಲ್ಲಿ.

ಚಾಲಿ ಅಡಿಕೆಯ ಗುಣ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹಣ್ಣಡಿಕೆಯನ್ನು ಅಂಗಳದಲ್ಲಿ 40-45 ಬಿಸಿಲು ಒಣಗಿಸಬೇಕು. ಸುಲಿದ ಮೇಲೆ ಆ ವರ್ಷದ್ದು "ಹೊಸತು". ಗೋಣಿ ಕಟ್ಟಿ, ಗಾಳಿ ತಾಗದಂತೆ, ಹುಳ ಬೀಳದಂತೆ ಒಂದು ಮಳೆಗಾಲ ದಾಟಿಸಿದರೆ ಅದೇ "ಹಳತು". ಇನ್ನೂ ಇಟ್ಟರೆ ಇನ್ನೂ ಮೇಲೆ. ಹೊಸತಕ್ಕೂ ಹಳತಕ್ಕೂ ಕಿಲೋಗೆ ಐವತ್ತು ರೂಪಾಯಿ, ಕೆಲವು ವರ್ಷ ಅದಕ್ಕಿಂತಲೂ ಜಾಸ್ತಿ ವ್ಯತ್ಯಾಸ ಇರುತ್ತದೆ. ಅಡಿಕೆ ಅದೇ, ಮರ ಅದೇ, ಕೆಲಸ ಅದೇ. ಬರೀ ಇಟ್ಟುಕೊಂಡದ್ದಕ್ಕೆ ಇಷ್ಟು.

ಈಗ ಲೆಕ್ಕ ಹಾಕಿ. ನಮ್ಮ ಸುಮಾರು 600 ಮರದಲ್ಲಿ ಕೊಳೆರೋಗ ಬಾರದ ವರ್ಷ 8 ಕ್ವಿಂಟಲ್ ಸುಲಿದ ಅಡಿಕೆ ಬಂತು ಅಂತ ಇಟ್ಟುಕೊಳ್ಳಿ. ಸಂಘ ಕಿಲೋಗೆ 10 ರೂಪಾಯಿ ಜಾಸ್ತಿ ಕೊಡಿಸಿದರೆ 8,000 ರೂಪಾಯಿ. ಹೊಸತರಲ್ಲಿ ಮಾರದೆ ಹಳತು ಮಾಡಿ ಮಾರಿದರೆ, ಕಿಲೋಗೆ 50ರಂತೆ 40,000. ಸಂಘದ ದರಕ್ಕಿಂತ ಕ್ಯಾಲೆಂಡರಿನ ದರ ದೊಡ್ಡದು.

ಹತ್ತು ಎಕರೆಯವರ ಮನೆಗೆ ಫೆಬ್ರವರಿಯಲ್ಲಿ ನಾನು ಹೋಗುವುದೇ ಇಲ್ಲ. ಅವರು ಕರೆಯುವುದು ಚೌತಿ ಆದ ಮೇಲೆ, ದೀಪಾವಳಿ ಹೊತ್ತಿಗೆ. ಫೆಬ್ರವರಿ, ಮಾರ್ಚಿನಲ್ಲಿ ಕರೆಯುವವರು ಅರ್ಧ ಎಕರೆ, ಒಂದು ಎಕರೆಯವರು. ಒಂದು ಗೋಣಿ, ಎರಡು ಗೋಣಿ. ಸರಿಯಾಗಿ ಒಣಗಿರುವುದೂ ಇಲ್ಲ. "ಮಗಳ ಹಾಸ್ಟೆಲಿಗೆ ಕಟ್ಟಬೇಕು" ಅಂತ ಒಬ್ಬರು, "ಅವರ ಆಪರೇಶನ್ ಉಂಟು" ಅಂತ ಒಬ್ಬರು. ಬಾಡಿಗೆ ಉಳಿಸಲು ಮೂರು ಮನೆಯವರು ಸೇರಿ ಒಂದೇ ಟ್ರಿಪ್ ಮಾಡುತ್ತಾರೆ. ಒಂದೇ ದಿನ, ಒಂದೇ ಬೋರ್ಡ್, ಒಂದೇ ದರ. ಆದರೆ ಆ ದಿನ ಮಾರಬೇಕಾಗಿ ಬಂದದ್ದು ಅವರಿಗೆ ಮಾತ್ರ.

ಇದಕ್ಕಿಂತ ಕಷ್ಟ ಆಟಿ ತಿಂಗಳದ್ದು. ಜುಲೈ-ಆಗಸ್ಟಿನ ಮಳೆಗೆ ತೋಟದಲ್ಲಿ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ. ಎಲ್ಲ ಒಂದೇ ವಾರ ಕೈ ಚಾಚುತ್ತವೆ. ಮದ್ದು ತಡವಾದರೆ ಕೊಳೆರೋಗ, ಅರ್ಧ ಬೆಳೆ ನೆಲಕ್ಕೆ. ಆ ಹೊತ್ತಿಗೆ ಮನೆಯಲ್ಲಿ ದುಡ್ಡಿಲ್ಲ, ಮಾರಲು ಅಡಿಕೆಯೂ ಇಲ್ಲ. ಅಂಗಡಿಯವರು ಅಡ್ವಾನ್ಸ್ ಕೊಡುತ್ತಾರೆ. ಬಡ್ಡಿ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಚೀಟಿಯಲ್ಲಿ ಬರೆಯುವುದೂ ಇಲ್ಲ. ಮುಂದಿನ ಅಡಿಕೆ ಅಲ್ಲಿಗೇ ಹೋಗಬೇಕು, ಅಷ್ಟೆ. ಆಮೇಲೆ ಕ್ಯಾಂಪ್ಕೊದಲ್ಲಿ ಎಷ್ಟಾದರೇನು? ಆ ಮನೆಯವರು ನನ್ನ ಹತ್ತಿರ ದರ ಕೇಳುವುದನ್ನೇ ನಿಲ್ಲಿಸುತ್ತಾರೆ. ದರ ಕೇಳದೆ ಗೋಣಿ ಹತ್ತಿಸಿದರೆ ನನಗೆ ಅರ್ಥವಾಗುತ್ತದೆ, ಈ ಮನೆಯಲ್ಲಿ ಅಡ್ವಾನ್ಸ್ ಉಂಟು ಅಂತ.

ಹಾಗಾಗಿ ಅಡಿಕೆ ಕೊಳ್ಳುವ ದೊಡ್ಡ ಸಂಘದಷ್ಟೇ ಮುಖ್ಯ ನಮ್ಮ ಊರಿನ ಸೊಸೈಟಿ, ಅಂದರೆ ಕೃಷಿ ಪತ್ತಿನ ಸಹಕಾರಿ ಸಂಘ. ಶೂನ್ಯ ಬಡ್ಡಿಯ ಬೆಳೆ ಸಾಲ ಸಿಗುವುದು ಅಲ್ಲಿ. ಮೊದಲು 3 ಲಕ್ಷದ ತನಕ ಇತ್ತು, 2023ರ ಬಜೆಟ್ಟಿನಲ್ಲಿ 5 ಲಕ್ಷ ಮಾಡಿದರು. ಆಟಿಯಲ್ಲಿ ಕೈಯಲ್ಲಿ ಈ ಸಾಲ ಇದ್ದವನು ಅಂಗಡಿಯ ಅಡ್ವಾನ್ಸಿಗೆ ಹೋಗಬೇಕಿಲ್ಲ. ಆದರೆ 5 ಲಕ್ಷ ಎಲ್ಲರಿಗೂ ಅಲ್ಲ. ಸಾಲ ಜಾಗದ ಲೆಕ್ಕದಲ್ಲಿ, ಎಕರೆಗೆ ಇಷ್ಟು ಅಂತ. ಅರ್ಧ ಎಕರೆಯವನಿಗೆ ಸಿಗುವುದು ಮದ್ದಿಗೂ ಗೊಬ್ಬರಕ್ಕೂ ಸಾಲದು. ಇನ್ನೊಂದು ತೊಡಕು, ವರ್ಷದ ಗಡುವು. ಗಡುವಿನೊಳಗೆ ಕಟ್ಟದಿದ್ದರೆ ಶೂನ್ಯ ಬಡ್ಡಿ ಹೋಯಿತು. ಗಡುವು ದರ ಕೆಳಗಿರುವ ತಿಂಗಳಲ್ಲಿ ಬಿದ್ದರೆ ಅಡಿಕೆ ಮಾರಿ ಕಟ್ಟುತ್ತಾರೆ. ಕಾಯಲಿ ಅಂತ ಕೊಟ್ಟ ಸಾಲವೇ ಕಾಯಲು ಬಿಡುವುದಿಲ್ಲ. ವಿಚಿತ್ರ ಅಲ್ವಾ?

ಶಿರಸಿ ಕಡೆಗೆ ಬಾಡಿಗೆ ಹೋದಾಗ ಅಲ್ಲಿನ ಕ್ರಮ ನೋಡಿದ್ದೇನೆ. ಅಲ್ಲಿನ ತೋಟಗಾರರ ಸೇಲ್ ಸೊಸೈಟಿ 1923ರದ್ದು, ನಮ್ಮದಕ್ಕಿಂತ ಐವತ್ತು ವರ್ಷ ಹಿರಿಯದು. ಅಡಿಕೆಯನ್ನು ರಾಶಿ ಹಾಕಿ ವ್ಯಾಪಾರಿಗಳಿಂದ ಟೆಂಡರ್ ಕರೆಯುತ್ತಾರೆ. ಜಾಸ್ತಿ ಬರೆದವರಿಗೆ ಅಡಿಕೆ. ಮಾರಾಟದ ಲೆಕ್ಕವೂ ಸಾಲದ ಲೆಕ್ಕವೂ ಒಂದೇ ಕಡೆ. ನಮ್ಮಲ್ಲಿ ಸಾಲ ಕೊಡುವ ಸೊಸೈಟಿ ಒಂದು, ಅಡಿಕೆ ಕೊಳ್ಳುವ ಸಂಘ ಇನ್ನೊಂದು. ಎರಡರ ಮಧ್ಯದ ಸಂದಿಯಲ್ಲಿ ಅಡ್ವಾನ್ಸಿನವರು ಕೂತಿದ್ದಾರೆ.

2020ರ ಲಾಕ್‌ಡೌನಿನಲ್ಲಿ ಈ ಕಾಯುವಿಕೆಯ ಮಾತು ಎಲ್ಲರಿಗೂ ಅರ್ಥವಾಯಿತು. ಮಾರ್ಚ್ ಕೊನೆಗೆ ಅಂಗಡಿಗಳು ಬಂದ್. ಮನೆಯಲ್ಲಿ ಅಡಿಕೆ ಇದೆ, ಅಕ್ಕಿಗೆ ದುಡ್ಡಿಲ್ಲ. ಏಪ್ರಿಲಿನಲ್ಲಿ ಕ್ಯಾಂಪ್ಕೊ ಕೆಲವು ಕಡೆ ಬಾಗಿಲು ತೆರೆಯಿತು, ಒಬ್ಬರಿಗೆ ಇಷ್ಟೇ ಎಂಬ ಮಿತಿಯಲ್ಲಿ. ಕೆಲವರು ಮಿತಿಗೆ ಬೈದರು. ನನಗೆ ಅದು ಆ ಸಂಘ ಮಾಡಿದ ಬಹಳ ಒಳ್ಳೆಯ ಕೆಲಸಗಳಲ್ಲಿ ಒಂದು ಅನಿಸುತ್ತದೆ. ಮಿತಿ ಇಲ್ಲದಿದ್ದರೆ ದೊಡ್ಡವರ ಲಾರಿಯೇ ಮೊದಲು ಒಳಗೆ ಹೋಗುತ್ತಿತ್ತು. ಸ್ವಲ್ಪ ಮಾರಿ ಮನೆ ನಡೆಸಿ, ಉಳಿದದ್ದನ್ನು ಇಟ್ಟುಕೊಂಡವರು ಗೆದ್ದರು. ಹೊರದೇಶದಿಂದ ಬರುವ ಅಡಿಕೆಯೂ ನಿಂತಿದ್ದರಿಂದ ದರ ಏರುತ್ತಾ ಹೋಯಿತು. 2021ರಲ್ಲಿ ಚಾಲಿ ಕಿಲೋಗೆ 500 ಮುಟ್ಟಿತು. ಊರಲ್ಲಿ ಹೊಸ ಬೈಕುಗಳು ಬಂದವು.

ಎಲ್ಲವೂ ಸಂಘದ ಕೈಯಲ್ಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದಿನ ಕನಿಷ್ಠ ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೂ ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಅಡಿಕೆ ಬಂದು ಸಿಕ್ಕಿಬೀಳುವ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಪುತ್ತೂರಿನ ಬೋರ್ಡಿನ ಸಂಖ್ಯೆಯಲ್ಲಿ ಅರ್ಧ ಡೆಲ್ಲಿಯಲ್ಲಿ ಬರೆದದ್ದು. ಮತ್ತೆ ಅಡಿಕೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರದಿ ಮಾಡಿದೆ. ನಾವು ಇದನ್ನು ಮಾತಾಡುವುದಿಲ್ಲ. ಮಾತಾಡದಿದ್ದರೆ ಇಲ್ಲವಾಗುವುದಿಲ್ಲ. ಕಾಳುಮೆಣಸು, ಕೊಕ್ಕೊ ಜೊತೆಗೆ ಇರಲಿ ಅಂತ ಅಪ್ಪ ಹೇಳುವುದು ಸುಮ್ನೆ ಅಲ್ಲ.

ಇನ್ನು ಜಾಗವೇ ಇಲ್ಲದವರು. ನಮ್ಮಲ್ಲಿ ಅಡಿಕೆ ಸುಲಿಯಲು ಒಬ್ಬ ಅಕ್ಕ ಬರುತ್ತಾರೆ. ಅವರ ಮನೆ ಐದು ಸೆಂಟ್ಸ್ ಕಾಲನಿಯಲ್ಲಿ. ಸುಲಿದಷ್ಟು ಕಿಲೋಗೆ ಸಂಬಳ. ಅಡಿಕೆ 500 ಆದ ವರ್ಷ ಅವರ ಕೂಲಿ ಅದೇ ಲೆಕ್ಕದಲ್ಲಿ ಏರಿತಾ? ಇಲ್ಲ. ಈಗ ಸುಲಿಯುವ ಮೆಷಿನನ್ನು ಗಾಡಿಯಲ್ಲಿಟ್ಟು ಮನೆ ಮನೆಗೆ ತರುತ್ತಾರೆ, ಇರುವ ಕೆಲಸವೂ ಕಡಿಮೆಯಾಗಿದೆ. ಅಡಿಕೆ ಸಂಘದ ಸದಸ್ಯರಾಗಲು ಬೆಳೆಗಾರರಾಗಬೇಕು, ಪಹಣಿ ಬೇಕು. ಅವರ ಹೆಸರಲ್ಲಿ ಯಾವ ಪಹಣಿ? ಬೋರ್ಡಿನ ದರ ಎಷ್ಟೇ ಮೇಲೆ ಹೋದರೂ ಅವರ ಮನೆಗೆ ಅದು ಇಳಿದು ಬರುವ ಮೆಟ್ಟಿಲು ಇಲ್ಲ.

ಅವರ ಮನೆ ನಡೆಯುವುದು ಇನ್ನೊಂದು ಸಹಕಾರಿ ಸಂಘದಿಂದ. ಎರಡು ದನ ಇವೆ. ಬೆಳಿಗ್ಗೆ, ಸಂಜೆ ಹಾಲಿನ ಸೊಸೈಟಿಗೆ ನಡೆಯುತ್ತಾರೆ. ಅಲ್ಲಿ ಪಹಣಿ ಕೇಳುವುದಿಲ್ಲ, ಫ್ಯಾಟ್ ನೋಡುತ್ತಾರೆ. ಹಾಲಿಗೆ ಆಟಿಯಿಲ್ಲ, ಚೌತಿಯಿಲ್ಲ, ವರ್ಷವಿಡೀ ದುಡ್ಡು ಖಾತೆಗೆ ಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಬೇರೆ. ಹಿಂಡಿಯ ದರ ನೋಡಿದರೆ ಉಳಿಯುವುದು ಅಷ್ಟಕ್ಕಷ್ಟೇ ಅನ್ನುತ್ತಾರೆ ಅವರು. ಆದರೆ ಖಾತೆ ಅವರ ಹೆಸರಲ್ಲಿದೆ. ಗಂಡ ಕೇಳಿದರೆ "ಇನ್ನೂ ಬಿದ್ದಿಲ್ಲ" ಅನ್ನುವ ಅನುಕೂಲವೂ ಉಂಟು. ಬಡತನಕ್ಕೆ ಯಾವ ಸಂಘ ಮದ್ದು ಅಂತ ಯಾರಾದರೂ ನನ್ನನ್ನು ಕೇಳಿದರೆ, ಅಡಿಕೆಯ ಋಣ ಇದ್ದರೂ ನಾನು ಮೊದಲು ಹಾಲಿನ ಹೆಸರು ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ನಮ್ಮ ಸೊಸೈಟಿಯ ಮಹಾಸಭೆ. ಪ್ರತಿ ಸಲ ಡಿವಿಡೆಂಡ್ ಎಷ್ಟು ಅಂತ ಒಂದಿಷ್ಟು ಗಲಾಟೆ, ಆಮೇಲೆ ಊಟ. ಈ ಸಲ ನಾನು ಎರಡು ವಿಷಯ ಕೇಳಬೇಕು ಅಂತಿದ್ದೇನೆ. ಒಂದು, ಗೋಡೌನಿನ ಒಂದು ಮೂಲೆಯನ್ನು ಎರಡು ಎಕರೆಗಿಂತ ಕಡಿಮೆ ಇರುವವರ ಅಡಿಕೆಗೆ ಬಿಡಿ, ಇಟ್ಟ ಗೋಣಿಯ ಮೇಲೆ ಕಡಿಮೆ ಬಡ್ಡಿಗೆ ಈಡಿನ ಸಾಲ ಕೊಡಿ. ಫೆಬ್ರವರಿಯಲ್ಲಿ ಹಾಸ್ಟೆಲ್ ಫೀಸು ಆಗುತ್ತದೆ, ಅಡಿಕೆ ಹಳತೂ ಆಗುತ್ತದೆ. ಎರಡು, ಸಣ್ಣವರ ಬೆಳೆ ಸಾಲದ ಗಡುವನ್ನು ಚೌತಿಯ ಆಚೆಗೆ ಇಡಲು ಆಗುತ್ತದಾ ನೋಡಿ. ನಿಯಮ ಬಿಡುವುದಿಲ್ಲ ಅಂದರೆ, ಯಾವ ನಿಯಮ ಅಂತ ಓದಿ ಹೇಳಲಿ.

ಹುಳ ಬಿದ್ದರೆ ಯಾರು ಜವಾಬ್ದಾರಿ ಅಂತ ಕಾರ್ಯದರ್ಶಿಗಳು ಕೇಳಿಯೇ ಕೇಳುತ್ತಾರೆ. ಅದಕ್ಕೂ ಉತ್ತರ ಇಟ್ಟುಕೊಂಡು ಹೋಗಬೇಕು, ನಿಮ್ಮಲ್ಲಿ ಯಾರ ಸೊಸೈಟಿಯಲ್ಲಾದರೂ ಈ ಕ್ರಮ ಇದ್ದರೆ ಹೇಗೆ ನಡೆಸುತ್ತಾರೆ ಅಂತ ತಿಳಿಸಿ. ಮತ್ತೆ ಇದನ್ನೆಲ್ಲ ಊಟಕ್ಕೆ ಮೊದಲೇ ಎತ್ತಬೇಕು. ಊಟ ಆದ ಮೇಲೆ ನಮ್ಮ ಮಹಾಸಭೆಯಲ್ಲಿ ಕುರ್ಚಿಗಳು ಮಾತ್ರ ಇರುತ್ತವೆ, ಅವನ್ನು ವಾಪಸ್ ಸಾಗಿಸುವ ಬಾಡಿಗೆಯೂ ನನ್ನದೇ.